ಚಿತ್ತಾ ಮಳೆಯಲ್ಲಿ ತರಕಾರಿ ಮಡಿ, ತೆಂಗಿನ ಪಾತಿ



ಹಸ್ತಾ ಮಳೆ ಮುಗಿದು ಚಿತ್ತಾ ನಡೆಯುತ್ತಿದೆ. ಅಕ್ಟೋಬರ್ 24ರ ಸುಮಾರಿಗೆ ಸ್ವಾತಿ ಹಿಡಿಯುತ್ತದೆ. ಶಿರಾ, ಪಾವಗಡದ ಕಡೆ ಕಡಲೆಕಾಯಿ ಕೀಳುವ ಗಡಿಬಿಡಿಯಲ್ಲಿ ಹಿತ್ತಿಲು, ತೋಟಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ನಮ್ಮ ನಾಲ್ಕೂ ತಾಲ್ಲೂಕುಗಳು ಮಧ್ಯ ಒಣವಲಯಕ್ಕೆ ಸೇರಿದವು. ಈಗ ನೆಲದಲ್ಲಿರುವ ಹಸಿಯನ್ನು ಹಿಡಿದಿಟ್ಟುಕೊಳ್ಳದಿದ್ದರೆ ಮತ್ತೆ ಒಳ್ಳೆಯ ಮಳೆ ಕಾಣಲು ಮುಂದಿನ ಮುಂಗಾರಿನವರೆಗೆ ಕಾಯಬೇಕಾದೀತು.

ಟೊಮೇಟೊ ಅಥವಾ ಬದನೆಯ ಒಟ್ಲು ಬಿಡುವ ಮೊದಲು ನೀರಿನ ಲೆಕ್ಕ ಹಾಕಿರಿ. ಒಂದು ಚದರ ಮೀಟರು ತರಕಾರಿ ಮಡಿಗೆ ದಿನಕ್ಕೆ ಸುಮಾರು 4ರಿಂದ 5 ಲೀಟರು ನೀರು ಬೇಕು. ಒಂದು ಗುಂಟೆ ಎಂದರೆ ಸುಮಾರು 100 ಚದರ ಮೀಟರು, ಅಂದರೆ ದಿನಕ್ಕೆ 400ರಿಂದ 500 ಲೀಟರು. ಅರ್ಧ ಎಕರೆಗೆ 8ರಿಂದ 10 ಸಾವಿರ ಲೀಟರು ಬೇಕಾಗುತ್ತದೆ. ನಿಮ್ಮ ಕೊಳವೆ ಬಾವಿ ಎಷ್ಟು ಕೊಡುತ್ತದೆ? 200 ಲೀಟರಿನ ಡ್ರಮ್ಮನ್ನು ಕೊಳವೆಯ ಬಾಯಿಗೆ ಇಟ್ಟು, ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ನೋಡಿರಿ. 4 ನಿಮಿಷವಾದರೆ ಗಂಟೆಗೆ 3,000 ಲೀಟರು. ಮೂರು ಗಂಟೆ ಕರೆಂಟು ಸಿಕ್ಕರೆ 9,000. ಈಗೇನೋ ಅರ್ಧ ಎಕರೆಗೆ ಸರಿಹೋಯಿತು. ಆದರೆ ಇದು ಮಳೆಗಾಲದ ಬಾವಿ. ಮಾಘದ ಹೊತ್ತಿಗೆ ನೀರು ಅರ್ಧಕ್ಕೆ ಇಳಿಯುವುದು ನಿಮ್ಮ ಬಾವಿಯ ವಾಡಿಕೆಯಾಗಿದ್ದರೆ ಕಾಲು ಎಕರೆ ಮಾತ್ರ ನಾಟಿ ಮಾಡಿರಿ. ಬಿಸಿಲು ಏರಿದಂತೆ ಗಿಡ ಕೇಳುವ ನೀರೂ ಹೆಚ್ಚುತ್ತದೆ. ಸಾಲ ತಂದು ಅರ್ಧ ಎಕರೆ ನೆಟ್ಟು, ಕಾಯಿ ಕಚ್ಚುವ ಹೊತ್ತಿಗೆ ಒಣಗಲು ಬಿಡುವುದಕ್ಕಿಂತ ಕಾಲು ಎಕರೆಯನ್ನು ಕೊನೆಯ ಕೊಯ್ಲಿನವರೆಗೆ ಕಾಪಾಡುವುದು ಲಾಭ. ಪಕ್ಕದವರು ಹೆಚ್ಚು ನೆಟ್ಟರೆಂದು ನೀವೂ ನೆಡಬೇಡಿರಿ. ಅವರ ಬಾವಿಯ ಲೆಕ್ಕ ಬೇರೆ.

ಬಾವಿ ಇಲ್ಲದವರೂ ನಿರಾಶರಾಗಬೇಕಿಲ್ಲ. 10 ಚದರ ಮೀಟರಿನ ಹಿತ್ತಿಲ ಮಡಿಗೆ ದಿನಕ್ಕೆ ಮೂರು ಕೊಡ ನೀರು ಸಾಕು. ಅಕ್ಕಿ, ಸೊಪ್ಪು, ಪಾತ್ರೆ ತೊಳೆದ ನೀರಿನಲ್ಲೇ ಬಹುಪಾಲು ಬಂದುಬಿಡುತ್ತದೆ. ಹೆಚ್ಚು ಸೋಪು ಬೆರೆತ ನೀರನ್ನು ಮಾತ್ರ ಬಾಳೆಯ ಬುಡಕ್ಕೆ ಬಿಡಿರಿ. ದಂಟು, ಮೆಂತ್ಯ, ಪಾಲಕ್, ಮೂಲಂಗಿ ಈಗ ಚೆನ್ನಾಗಿ ಬರುತ್ತವೆ. ಕೊತ್ತಂಬರಿ ಬೀಜವನ್ನು ಹಗುರವಾಗಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಎಲ್ಲವನ್ನೂ ಒಂದೇ ದಿನ ಬಿತ್ತದೆ ಹದಿನೈದು ದಿನಕ್ಕೊಂದು ಮಡಿಯಂತೆ ಬಿತ್ತಿದರೆ ಮಕ್ಕಳ ತಟ್ಟೆಗೆ ಸೊಪ್ಪು ತಪ್ಪುವುದಿಲ್ಲ.

ಟೊಮೇಟೊ ಒಟ್ಲಿನ ಮಡಿ ಅರ್ಧ ಅಡಿ ಎತ್ತರವಿರಲಿ. ಚಿತ್ತಾ ಮಳೆ ಜಡಿದರೆ ತಗ್ಗಿನ ಮಡಿಯಲ್ಲಿ ಸಸಿಯ ಬುಡ ಕೊಳೆಯುತ್ತದೆ. ಕಾಯಿಕೊರಕಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತೋರಿಸಿದ ಉಪಾಯವೊಂದುಂಟು. 16 ಸಾಲು ಟೊಮೇಟೊಗೆ ಒಂದು ಸಾಲು ಎತ್ತರ ಜಾತಿಯ ಚೆಂಡುಹೂ ನೆಟ್ಟರೆ ಪತಂಗವು ಆ ಹೂವಿಗೇ ಹೋಗಿ ಮೊಟ್ಟೆ ಇಡುತ್ತದೆ. ಆದರೆ ಎರಡೂ ಒಟ್ಟಿಗೆ ಹೂ ಬಿಡಬೇಕು. ಆದುದರಿಂದ 25 ದಿನದ ಟೊಮೇಟೊ ಸಸಿಯ ಜೊತೆ 45 ದಿನದ ಚೆಂಡುಹೂ ಸಸಿ ನೆಡತಕ್ಕದ್ದು. ಚೆಂಡುಹೂ ಬೀಜವನ್ನು ಇಂದೇ ಹಾಕಿ. ಟೊಮೇಟೊ ಬೀಜಕ್ಕೆ ಇನ್ನೂ 20 ದಿನ ಸಮಯವಿದೆ.

ಇನ್ನು ಜಯಮಂಗಲಿಯ ಬಯಲಿನ ಕೊರಟಗೆರೆ, ಮಧುಗಿರಿ ತೋಟದವರಿಗೆ. ಫಲ ಬಿಡುವ ತೆಂಗಿಗೆ ವರ್ಷದ ಗೊಬ್ಬರದಲ್ಲಿ ಮೂರರಲ್ಲಿ ಎರಡು ಪಾಲು ಈಗಲೇ ಸಲ್ಲಬೇಕು. ಮರವೊಂದಕ್ಕೆ ಯೂರಿಯ ಸುಮಾರು 725 ಗ್ರಾಂ, ಸೂಪರ್ ಫಾಸ್ಫೇಟ್ ಮತ್ತು ಪೊಟ್ಯಾಷ್ ತಲಾ ಒಂದೂಕಾಲು ಕಿಲೋಗೆ ಸ್ವಲ್ಪ ಹೆಚ್ಚು. ಮಣ್ಣು ಪರೀಕ್ಷೆ ಮಾಡಿಸಿದವರು ಅದರ ಚೀಟಿಯಂತೆ ನಡೆಯಿರಿ. ಬುಡದಿಂದ ಆರು ಅಡಿಯವರೆಗೆ ಪಾತಿ ಬಿಡಿಸಿ, ನೆಲ ಹಸಿಯಿರುವಾಗಲೇ ಗೊಬ್ಬರ ಬೆರೆಸಿ ಮಣ್ಣು ಮುಚ್ಚಿರಿ. ಅದರ ಮೇಲೆ ತೆಂಗಿನ ಸಿಪ್ಪೆ, ಗರಿ, ಇಲ್ಲವೇ ಕಡಲೆಕಾಯಿ ಸಿಪ್ಪೆ ಹರಡಿರಿ. ಕಡಲೆ ಬಳ್ಳಿಯನ್ನು ಮಾತ್ರ ದನಕ್ಕೆ ಬಿಡಿ. ಬೇಸಿಗೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಸಿಪ್ಪೆ, ಗರಿಗಳಿಗೆ ಬೆಂಕಿ ಇಡುವ ಅಭ್ಯಾಸ ಕೆಲವು ಊರುಗಳಲ್ಲಿ ಇನ್ನೂ ಇದೆ. ಬುಡಕ್ಕೆ ಹೊದಿಸಿದರೆ ಹಸಿ ಉಳಿಸುವ ವಸ್ತು ಅದು, ಸುಟ್ಟರೆ ಉಳಿಯುವುದು ಒಂದು ಹಿಡಿ ಬೂದಿ.

ಗೊಬ್ಬರ ಹಾಕುವಾಗ ಸುಳಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಗರಿ ಕತ್ತರಿಯಿಂದ ಕತ್ತರಿಸಿದಂತೆ ಕಂಡರೆ ಅದು ಕುರುವಾಯಿ ದುಂಬಿಯ ಕೆಲಸ. ಕೊಕ್ಕೆಯಿಂದ ದುಂಬಿಯನ್ನು ಎಳೆದು ಕೊಂದು, ಎಳೆಯ ಗರಿಗಳ ಸಂದಿಗೆ ಬೇವಿನ ಹಿಂಡಿಯನ್ನು ಮರಳಿನೊಡನೆ ಬೆರೆಸಿ ತುಂಬಿರಿ. ಅದರ ಮರಿಹುಳು ಬೆಳೆಯುವುದು ನಿಮ್ಮದೇ ತಿಪ್ಪೆಯಲ್ಲಿ. ಗೊಬ್ಬರ ಹೊರುವಾಗ ಕಾಣುವ ದಪ್ಪ ಬಿಳಿ ಹುಳುಗಳನ್ನು ಆರಿಸಿ ಕೋಳಿಗಳಿಗೆ ಹಾಕಿರಿ.