ವೈಫೈ ವಿಷಯದಲ್ಲಿ ದಾಕ್ಷಿಣ್ಯ ಬೇಡ

ಮನೆಗೆ ಇಂಟರ್ನೆಟ್ ಹಾಕಿಸುವಾಗ ನೀವು ಎಷ್ಟು ಚೌಕಾಸಿ ಮಾಡುತ್ತೀರಿ ಅಂತ ನನಗೆ ಗೊತ್ತು. ಯಾವ ಪ್ಲಾನು, ಎಷ್ಟು ಸ್ಪೀಡು, ಯಾವ ಓಟಿಟಿ ಪುಕ್ಕಟೆ, ಎಲ್ಲ ಕೆದಕಿ ಕೇಳುತ್ತೀರಿ. ಕೇಬಲ್ ಹುಡುಗ ಗೋಡೆಗೆ ರೂಟರ್ ನೇತುಹಾಕಿ "ಪಾಸ್‌ವರ್ಡ್ ಏನಿಡಲಿ ಮೇಡಂ?" ಅಂದಾಗ ಮಾತ್ರ "ನಮ್ಮ ಮೊಬೈಲ್ ನಂಬರೇ ಇಟ್ಟುಬಿಡಪ್ಪ, ನೆನಪಿರುತ್ತೆ" ಅಂದು ಟೀ ಮಾಡಲು ಒಳಗೆ ಹೋಗಿಬಿಡುತ್ತೀರಿ. ಎಡವಿದ್ದು ಅಲ್ಲೇ.

2021ರಲ್ಲಿ ಇಸ್ರೇಲಿನ ಟೆಲ್ ಅವೀವ್‌ನಲ್ಲಿ ಸೈಬರ್ ಭದ್ರತಾ ತಜ್ಞರೊಬ್ಬರು ಊರು ಸುತ್ತಿ 5,000 ವೈಫೈಗಳ ಸಂಕೇತ ಹಿಡಿದು ತಂದು, ಕಂಪ್ಯೂಟರಿನ ಮುಂದೆ ಕೂತು ಪಾಸ್‌ವರ್ಡ್ ಬಿಡಿಸಿ ನೋಡಿದರು. ಶೇ 70ಕ್ಕೂ ಹೆಚ್ಚು ಬಿಚ್ಚಿಕೊಂಡವು. ಅಲ್ಲಿನವರಿಗೂ ನಿಮ್ಮದೇ ಚಾಳಿ, ಬಹಳ ಜನ ಮೊಬೈಲ್ ನಂಬರನ್ನೇ ಇಟ್ಟಿದ್ದರು. ನಮ್ಮ ನಂಬರ್‌ಗಳೂ ಹತ್ತೇ ಅಂಕಿಯವು, ಅದರಲ್ಲೂ ಮೊದಲನೆಯದು 6ರಿಂದ 9ರೊಳಗೇ ಇರಬೇಕು. ಕಂಪ್ಯೂಟರಿಗೆ ಅವನ್ನೆಲ್ಲ ಒಂದೊಂದಾಗಿ ಹಾಕಿ ನೋಡುವುದು ದೊಡ್ಡ ಕೆಲಸವಲ್ಲ. ಹಾಗಾಗಿ ಫೋನ್ ನಂಬರ್, ಮಗಳ ಹೆಸರು, ಮದುವೆಯ ತಾರೀಕು ಇವೆಲ್ಲ ಬೇಡವೇ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಸೇರಿಸಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ: ಕುಂಬಳ, ರೈಲು, ಅಜ್ಜಿ, ಜಮಖಾನ. ಮತ್ತೆ ಈ ನಾಲ್ಕನ್ನೇ ಇಟ್ಟೀರಿ, ನಾನು ಹೇಳಿಯಾಯಿತಲ್ಲ! ಮರೆತುಹೋಗುವ ಭಯವಿದ್ದರೆ ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಿ, ತಪ್ಪೇನಿಲ್ಲ. ಹಾಲ್‌ನ ಗೋಡೆಗೆ ಅಂಟಿಸಬೇಡಿ ಅಷ್ಟೆ. ವೈಫೈಗೆ ಹೆಸರಿಡುವಾಗಲೂ ಮನೆತನದ ಹೆಸರು, ಫ್ಲಾಟ್ ನಂಬರ್ ಬೇಡ. ದಾರಿಹೋಕನಿಗೆ ನಿಮ್ಮ ವಿಳಾಸ ಯಾಕೆ?

ಇನ್ನು ಹಂಚುವ ವಿಷಯ. ಎದುರು ಮನೆಯ ಹುಡುಗನಿಗೆ ಪರೀಕ್ಷೆ ಅಂತ ಪಾಸ್‌ವರ್ಡ್ ಕೊಟ್ಟಿರಿ. ಅವನು ಗೆಳೆಯರಿಗೆ ಕೊಟ್ಟ, ಗೆಳೆಯರು ಕೆಳಗಿನ ಪಿಜಿಯವರಿಗೆ ಕೊಟ್ಟರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಕೇಳಿದವರಿಗೆ ಇಲ್ಲ ಅನ್ನಲು ನಿಮಗೆ ಬಾಯಿ ಬರುವುದಿಲ್ಲ. ಆದರೆ ದಾಕ್ಷಿಣ್ಯಕ್ಕೆ ಬಸುರಾದರೆ ಹಡೆಯೋಕೆ ಜಾಗವಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ನಿಮ್ಮ ವೈಫೈ ಬಳಸಿ ಯಾರೇನು ಮಾಡಿದರೂ ಹೊರಗಿನ ಲೆಕ್ಕಕ್ಕೆ ಅದು ನಿಮ್ಮ ಕನೆಕ್ಷನ್, ನಿಮ್ಮ ಹೆಸರು.

2008ರ ಜುಲೈ 26ರಂದು ನಡೆದದ್ದು ಕೇಳಿ. ಅಹಮದಾಬಾದಿನ ಸರಣಿ ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಬೆದರಿಕೆಯ ಇ-ಮೇಲ್ ಬಂತು. ಪೊಲೀಸರು ಜಾಡು ಹಿಡಿದು ಹೋದರೆ ಅದು ನಿಂತದ್ದು ನವಿ ಮುಂಬಯಿಯಲ್ಲಿ ವಾಸವಿದ್ದ ಅಮೆರಿಕದವರೊಬ್ಬರ ಮನೆಯಲ್ಲಿ. ಅವರ ವೈಫೈಗೆ ಭದ್ರತೆ ಇರಲಿಲ್ಲ, ಯಾರೋ ಹೊರಗಿನಿಂದ ಬಳಸಿದ್ದರು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು. ಆ ಮನುಷ್ಯ ವಿಚಾರಣೆ ಎದುರಿಸಿ, ತಾನಲ್ಲ ಎಂದು ಸಾಬೀತಾಗುವವರೆಗೆ ಹೈರಾಣಾದರು. ಅದೇ ವರ್ಷ ಮುಂಬಯಿಯ ಕಾಲೇಜೊಂದರ, ಚೆಂಬೂರಿನ ಕಂಪನಿಯೊಂದರ ವೈಫೈಗಳೂ ಇದೇ ರೀತಿ ದುರ್ಬಳಕೆಯಾದವು.

"ನಮ್ಮಲ್ಲಿ ಮುಚ್ಚಿಡುವಂಥದ್ದು ಏನಿದೆ?" ಅನ್ನುತ್ತೀರಿ. ನಿಮ್ಮದೇನೂ ಇಲ್ಲದಿರಬಹುದು. ಅದೇ ವೈಫೈಯಲ್ಲಿ ನಿಮ್ಮ ಅತ್ತೆಯವರ ಸ್ಕ್ಯಾನಿಂಗ್ ರಿಪೋರ್ಟ್ ಬರುತ್ತದೆ, ಮಗನ ಆಫೀಸಿನ ಲ್ಯಾಪ್‌ಟಾಪ್ ಓಡುತ್ತದೆ, ಮೊಮ್ಮಗುವಿನ ತೊಟ್ಟಿಲ ಮೇಲಿನ ಕ್ಯಾಮೆರಾ ನೋಡುತ್ತಿರುತ್ತದೆ. ಅವರ ಗುಟ್ಟನ್ನು ಬಿಟ್ಟುಕೊಡಲು ನೀವು ಯಾರು? ಗೂಗಲ್‌ನ ಸ್ಟ್ರೀಟ್ ವ್ಯೂ ಕಾರುಗಳು ರಸ್ತೆಯ ಚಿತ್ರ ತೆಗೆಯುತ್ತ, ಭದ್ರತೆಯಿಲ್ಲದ ವೈಫೈಗಳಲ್ಲಿ ಹರಿದಾಡುತ್ತಿದ್ದ ಇ-ಮೇಲ್, ಪಾಸ್‌ವರ್ಡ್‌ಗಳನ್ನೂ ಬಾಚಿಕೊಂಡಿದ್ದವೆಂದು 2010ರಲ್ಲಿ ಆ ಕಂಪನಿಯೇ ಒಪ್ಪಿಕೊಂಡಿತು. ಈಗ ಬ್ಯಾಂಕಿನಂಥ ತಾಣಗಳು ತಮ್ಮ ಮಾತುಕತೆಯನ್ನು ಗೂಢಲಿಪಿಗೆ ತಿರುಗಿಸಿಯೇ ಕಳಿಸುತ್ತವೆ, ನಿಜ. ಆದರೆ ಒಳಗೆ ಹೊಕ್ಕವನಿಗೆ ನಿಮ್ಮ ಪ್ರಿಂಟರು, ಕ್ಯಾಮೆರಾಗಳ ಬಾಗಿಲು ತಟ್ಟುವುದು ಸುಲಭ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಅರ್ಜಿ ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಆ ಹಿರಿಯರು ಕೋರ್ಟಿನ ಮೆಟ್ಟಿಲು ಹತ್ತಿದರು, ನಿಮಗೆ ಪಾಸ್‌ವರ್ಡ್ ಬದಲಿಸಲು ಸೋಮಾರಿತನ! ಅಪ್ಪಣೆಯಿಲ್ಲದೆ ನಿಮ್ಮ ನೆಟ್‌ವರ್ಕಿಗೆ ನುಗ್ಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ತಪ್ಪೇ. ಆದರೆ ಕಾಯ್ದೆ ಬರುವುದು ಅನಾಹುತ ಆದ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು?

ಈಗ ಎದ್ದು ರೂಟರಿನ ಹತ್ತಿರ ಹೋಗಿ. ಅದರ ಬೆನ್ನಿನ ಚೀಟಿಯಲ್ಲಿ ಒಂದು ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಇರುತ್ತವೆ. ಅದು ವೈಫೈ ಪಾಸ್‌ವರ್ಡ್ ಅಲ್ಲ, ರೂಟರಿನ ಸೆಟ್ಟಿಂಗಿಗೇ ಹೋಗುವ ದಾರಿ. ಬಹಳ ಮನೆಗಳಲ್ಲಿ ಎರಡೂ ಕಡೆ 'ಅಡ್ಮಿನ್' ಅಂತಲೇ ಉಳಿದಿರುತ್ತದೆ. ಮೊದಲು ಅದನ್ನು ಬದಲಿಸಿ. ಭದ್ರತೆ ಅಂತ ಇರುವ ಕಡೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ಹಳೆಯ ಡಬ್ಲ್ಯುಇಪಿ 2001ರಲ್ಲೇ ಮುರಿದುಬಿದ್ದದ್ದು, ಅದನ್ನು ಮುಟ್ಟಬೇಡಿ. ಪಾಸ್‌ವರ್ಡ್ ಬದಲು ಪಿನ್ನಿನಿಂದ ಜೋಡಿಸುವ ಡಬ್ಲ್ಯುಪಿಎಸ್ ಇದ್ದರೆ ಆಫ್ ಮಾಡಿ. ಅದರ ಎಂಟಂಕಿ ಪಿನ್ನು ಭದ್ರವಾಗಿ ಕಾಣುತ್ತದೆ, ಆದರೆ ರೂಟರ್ ಅದನ್ನು ಎರಡು ತುಂಡು ಮಾಡಿ ಪರೀಕ್ಷಿಸುವುದರಿಂದ 11,000 ಸಲ ಯತ್ನಿಸಿದರೆ ಸಾಕೆಂದು 2011ರಲ್ಲೇ ಬಯಲಾಗಿದೆ. ನಿಮಗೆ ಗೊತ್ತಾಗದಿದ್ದರೆ ಕೇಬಲ್ ಹುಡುಗನನ್ನೇ ಕರೆದು ಮಾಡಿಸಿ, ಈ ಸಲ ಟೀ ಆಮೇಲೆ. ಪಕ್ಕದಲ್ಲೇ ಕೂತು ನೋಡಿ, ಹೊಸ ಪಾಸ್‌ವರ್ಡ್ ಮಾತ್ರ ನಿಮ್ಮ ಕೈಯಿಂದಲೇ ಒತ್ತಿ.

ನೆಂಟರಿಗೆ, ಎದುರು ಮನೆಯ ಹುಡುಗನಿಗೆ ಕೊಡಲೇಬೇಕೆಂದಿದ್ದರೆ 'ಗೆಸ್ಟ್ ನೆಟ್‌ವರ್ಕ್' ಅನ್ನುವುದನ್ನು ಆನ್ ಮಾಡಿ, ಪಾಸ್‌ವರ್ಡ್ ಹಾಕಿಯೇ ಕೊಡಿ. ಅವರಿಗೆ ಇಂಟರ್ನೆಟ್ಟೂ ಸಿಕ್ಕಿತು, ನಿಮ್ಮ ಕ್ಯಾಮೆರಾ, ಪ್ರಿಂಟರ್ ಬೇರೆಯಾಗಿಯೂ ಉಳಿದವು. ಪರೀಕ್ಷೆ ಮುಗಿದ ಮೇಲೆ ಅದನ್ನು ಬದಲಿಸಿದರಾಯಿತು.

ಹಳೆಯ ರೂಟರನ್ನು ಗುಜರಿಗೆ ಹಾಕುವ ಮುಂಚೆ, ಅದರ ಹಿಂಭಾಗದ ಸಣ್ಣ ತೂತಿನಲ್ಲಿ ಪಿನ್ನು ಒತ್ತಿ ಹದಿನೈದು ಸೆಕೆಂಡ್ ಹಿಡಿಯಿರಿ. ದೀಪಗಳೆಲ್ಲ ಆರಿ ಮತ್ತೆ ಹೊತ್ತಿಕೊಂಡರೆ ನಿಮ್ಮ ಹಳೆಯ ಸೆಟ್ಟಿಂಗ್ ಅಳಿಸಿತೆಂದು ಅರ್ಥ. ರೂಟರಿಗೆ ಕರೆಂಟ್ ಇರುವಾಗಲೇ ಒತ್ತಬೇಕು, ಅದು ನೆನಪಿರಲಿ.