ಹುಡುಕಿದ ರೈತರ ಕಣ್ಣಿಗೆ ಬೀಳಬೇಕಾದರೆ

ಅಡಿಕೆ ಬೆಳೆಗಾರರಿಗಾಗಿ ಜಾಲತಾಣಕ್ಕೆ ಕನ್ನಡದಲ್ಲಿ ಬರೆಯುವುದು ನನ್ನ ಕೆಲಸ. ಮಾಹಿತಿ ಸರಿಯಿದ್ದೂ ಹುಡುಕಿದವರಿಗೆ ಸಿಗದೆ ಹೋದ ಪುಟಗಳು ನನಗೆ ಕಲಿಸಿದ ಪಾಠಗಳಿವು.

1. ಮೊದಲು ಅಕ್ಷರ ನೋಡಿ.

ಮುದ್ರಣಕ್ಕೆಂದು ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಲೇಖನ ಕಣ್ಣಿಗೆ ಮಾತ್ರ ಕನ್ನಡ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹುಡುಕು ಯಂತ್ರ ಓದುವುದು ಆ ಒಳಗಿನದನ್ನೇ. ಇದಕ್ಕೆ ಪರಿಹಾರ ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಆದರೂ ಹಳೆಯ ಕಡತಗಳನ್ನು ಪರಿವರ್ತಿಸುವ ಕೆಲಸ ಇನ್ನೂ ಮುಗಿದಿಲ್ಲ.

ಪರಿವರ್ತಿಸಿದ ಮೇಲೂ ಒಮ್ಮೆ ಸಾಲು ಸಾಲಾಗಿ ಓದಲೇಬೇಕು. ನನ್ನದೇ ಒಂದು ಪುಟದಲ್ಲಿ ‘ಸಿಂಪಡಣೆ’ ಎಂಬ ಪದ ಎದುರಿಗೇ ಕಾಣುತ್ತಿತ್ತು. ಪುಟದೊಳಗೆ ಹುಡುಕಿದರೆ ಸಿಗುತ್ತಿರಲಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಅಲ್ಲಿದ್ದದ್ದು ‘ಸಿ೦ಪಡಣೆ’. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಕೂತಿತ್ತು. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಈಗ ಯಾವುದೇ ಲೇಖನ ಪ್ರಕಟಿಸುವ ಮುಂಚೆ ಈ ಸೊನ್ನೆಯನ್ನು ಹುಡುಕಿ ಬದಲಿಸುತ್ತೇನೆ.

2. ಬೆಳೆಗಾರರು ಆಡುವ ಪದ ಪುಟದಲ್ಲಿರಲಿ.

ಕೊಳೆರೋಗದ ಬಗ್ಗೆ ಮೊದಲು ಬರೆದಾಗ ‘ಶಿಲೀಂಧ್ರನಾಶಕ ಸಿಂಪಡಣೆ’, ‘ತಾಮ್ರದ ಸಲ್ಫೇಟ್’ ಎಂದೆಲ್ಲ ಬರೆದಿದ್ದೆ. ತಪ್ಪೇನಿಲ್ಲ. ಆದರೆ ತೋಟದಲ್ಲಿ ಜನ ಹೇಳುವುದು ‘ಮದ್ದು ಹೊಡೆಯುವುದು’, ‘ಮೈಲುತುತ್ತ’. ಕೊಳೆರೋಗಕ್ಕೇ ‘ಮಹಾಳಿ’ ಎನ್ನುವವರಿದ್ದಾರೆ. ‘ಅಡಿಕೆ’ ಎಂದು ಬರೆಯುವವರಷ್ಟೇ ಸಹಜವಾಗಿ ‘ಅಡಕೆ’ ಎಂದು ಬರೆಯುವವರೂ ಇದ್ದಾರೆ. ಈಗ ಮೊದಲ ಪ್ಯಾರಾದಲ್ಲೇ ‘ಕೊಳೆರೋಗ ಅಥವಾ ಮಹಾಳಿ’ ಎಂದು ಬರೆದು, ಮುಂದೆ ಒಂದೇ ಪದಕ್ಕೆ ಅಂಟಿಕೊಳ್ಳುತ್ತೇನೆ. ಯಾವ ಪದ ಹುಡುಕಿದವರಿಗೆ ನಮ್ಮ ಪುಟ ಕಾಣಿಸಿತು ಎಂಬುದನ್ನು ಗೂಗಲ್ ಸರ್ಚ್ ಕನ್ಸೋಲ್ ಉಚಿತವಾಗಿ ತೋರಿಸುತ್ತದೆ. ಆ ಪಟ್ಟಿ ನೋಡುವುದಷ್ಟೇ ಸಾಲದು. ಅಡಿಕೆ ಮಂಡಿಯಲ್ಲಿ ನಿಂತು ಮಾತು ಕೇಳಿಸಿಕೊಂಡಾಗ ನನಗೆ ಇನ್ನೂ ಹೆಚ್ಚು ಪದಗಳು ಸಿಕ್ಕಿವೆ.

3. ಶೀರ್ಷಿಕೆ ವಿಷಯ ಹೇಳಲಿ.

‘ಬೆಳೆಗಾರರ ಬದುಕಿಗೆ ಕೊಳ್ಳಿಯಿಟ್ಟ ಮಳೆ’ ಪತ್ರಿಕೆಗೆ ಒಪ್ಪುತ್ತದೆ. ಅಲ್ಲಿ ಪಕ್ಕದಲ್ಲೇ ಚಿತ್ರವಿರುತ್ತದೆ, ಓದುಗರು ಪುಟ ತೆರೆದೇ ಇರುತ್ತಾರೆ. ಹುಡುಕಾಟದ ಫಲಿತಾಂಶದಲ್ಲಿ ಬಹುಮಟ್ಟಿಗೆ ಶೀರ್ಷಿಕೆಯೊಂದೇ ಮಾತಾಡಬೇಕು. ಹಾಗಾಗಿ ರೋಗದ ಹೆಸರು, ಅದಕ್ಕೆ ಹೊಡೆಯುವ ಮದ್ದಿನ ಹೆಸರು ಎರಡೂ ಇರುವಂತೆ ‘ಅಡಿಕೆ ಕೊಳೆರೋಗ: ಬೋರ್ಡೋ ದ್ರಾವಣ ಮಾಡುವ ವಿಧಾನ’ ಎಂದು ಬದಲಿಸಿದೆ. ಅಲಂಕಾರ ಹೋಯಿತು ಎಂದು ನನಗೆ ಬೇಸರವಿಲ್ಲ.

ಉಪಶೀರ್ಷಿಕೆಗೂ ಇದೇ ಮಾತು. ಅಕ್ಷರವನ್ನು ದಪ್ಪ ಮಾಡಿದರೆ ಅದು ಉಪಶೀರ್ಷಿಕೆಯಾಗುವುದಿಲ್ಲ. ಸಂಪಾದನೆಯ ಪರದೆಯಲ್ಲಿ ಅದಕ್ಕೆಂದೇ ಇರುವ ಹೆಡ್ಡಿಂಗ್ ಆಯ್ಕೆಯನ್ನು ಬಳಸಿ.

4. ಉತ್ತರ ಮೊದಲು, ಪೀಠಿಕೆ ಆಮೇಲೆ.

ಗೂಗಲ್‌ನಲ್ಲಿ ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯ 2017ರಲ್ಲಿ ಬಂತು. ಮಾತಾಡುವವರು ಇಡೀ ಪ್ರಶ್ನೆಯನ್ನೇ ಕೇಳುತ್ತಾರೆ: ‘ಬೋರ್ಡೋಗೆ ಸುಣ್ಣ ಎಷ್ಟು ಹಾಕಬೇಕು?’ ಆ ಪ್ರಶ್ನೆಯನ್ನೇ ಉಪಶೀರ್ಷಿಕೆ ಮಾಡಿ, ಕೆಳಗಿನ ಸಾಲಿನಲ್ಲೇ ಉತ್ತರ ಕೊಡಿ: ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ ನೋಡುವ ಪರೀಕ್ಷೆ, ಅದರ ಮೇಲೆ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣ ಸೇರಿಸಬೇಕೆಂಬ ಸೂಚನೆ, ಇವು ಅದರ ಬೆನ್ನಿಗೇ ಬರಲಿ. ಅಡಿಕೆಯ ಇತಿಹಾಸ ಕೊನೆಗಿದ್ದರೆ ಸಾಕು. ಪ್ರಶ್ನೆ ಕೇಳಿದವರು ಡ್ರಮ್ಮಿನ ಮುಂದೆ ನಿಂತಿರುತ್ತಾರೆ, ಮೋಡ ಕವಿಯುತ್ತಿರುತ್ತದೆ.

5. ಪದ ತುರುಕಬೇಡಿ.

ಪ್ರತಿ ಸಾಲಿನಲ್ಲೂ ‘ಅಡಿಕೆ ಕೊಳೆರೋಗ’ ಎಂದು ಬರೆಯಿಸಿಕೊಂಡವರೂ ನನಗೆ ಸಿಕ್ಕಿದ್ದಾರೆ. ಪುಟದ ಮರೆಯಲ್ಲಿ ಸೇರಿಸುವ ಕೀವರ್ಡ್ ಟ್ಯಾಗನ್ನು ಶ್ರೇಯಾಂಕಕ್ಕೆ ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಓದುವವರಿಗೆ ಕಿರಿಕಿರಿಯಾಗುವಷ್ಟು ಸಲ ಯಾವ ಪದವೂ ಬೇಡ.

6. ಅಕ್ಷರವನ್ನು ಚಿತ್ರದಲ್ಲಿ ಹೂಳಬೇಡಿ.

ಬಣ್ಣಬಣ್ಣದ ಪೋಸ್ಟರ್ ವಾಟ್ಸಾಪ್‌ನಲ್ಲಿ ಚೆನ್ನಾಗಿ ಓಡಾಡುತ್ತದೆ. ಆದರೆ ಅಳತೆಯ ಪಟ್ಟಿ ಬರೀ ಚಿತ್ರವಾಗಿದ್ದರೆ ಹುಡುಕು ಯಂತ್ರ ಅದನ್ನು ಪೂರ್ತಿ ಓದುತ್ತದೆಂಬ ಭರವಸೆಯಿಲ್ಲ. ಕಣ್ಣು ಕಾಣದವರ ಸ್ಕ್ರೀನ್ ರೀಡರಿಗೂ ಅದು ದಕ್ಕುವುದಿಲ್ಲ. ಪೋಸ್ಟರ್ ಇರಲಿ, ಅದರ ಕೆಳಗೆ ಅದೇ ಮಾಹಿತಿ ಅಕ್ಷರದಲ್ಲೂ ಇರಲಿ. ‘ಇಲ್ಲಿ ಕ್ಲಿಕ್ ಮಾಡಿ’ ಎನ್ನುವ ಕೊಂಡಿಯನ್ನೂ ಬಿಡಿ. ‘ಬೋರ್ಡೋ ದ್ರಾವಣದ ಅಳತೆ’ ಎಂಬ ಪದಗಳ ಮೇಲೆಯೇ ಕೊಂಡಿ ಹಾಕಿದರೆ ಒಳಗೇನಿದೆಯೆಂದು ಎಲ್ಲರಿಗೂ ತಿಳಿಯುತ್ತದೆ.

7. ಮಳೆಗಾಲಕ್ಕೆ ಮುಂಚೆ ಹಳೆಯ ಪುಟ ತೆರೆಯಿರಿ.

ಒಂದೇ ವಿಷಯಕ್ಕೆ ವರ್ಷಕ್ಕೊಂದು ಹೊಸ ಪುಟ ಮಾಡುತ್ತ ಹೋಗಿದ್ದೆ. ಐದು ಪುಟಗಳಾದವು, ಐದೂ ಅರೆಬರೆ. ಈಗ ಎಲ್ಲವನ್ನೂ ಒಂದಕ್ಕೆ ಸೇರಿಸಿ, ಹಳೆಯ ವಿಳಾಸಗಳು ಅಲ್ಲಿಗೇ ಬರುವಂತೆ ಮಾಡಿದ್ದೇನೆ. ಪ್ರತಿ ಮೇ ತಿಂಗಳಲ್ಲಿ ಅದನ್ನು ತೋಟದವರೊಬ್ಬರಿಂದ ಫೋನಿನಲ್ಲೇ ಓದಿಸುತ್ತೇನೆ. ಅವರು ತಡವರಿಸಿದ ಸಾಲನ್ನು ಅಲ್ಲೇ ಕೂತು ತಿದ್ದಿ, ಕೆಳಗೆ ಆ ದಿನದ ದಿನಾಂಕ ಹಾಕುತ್ತೇನೆ.