ಕಾಣದ ಗಡಿಯ ಕಾವಲು

ರಾಜ್ಯದ ರಕ್ಷಣೆ ಎಂದೊಡನೆ ಹಿಂದಿನವರ ಕಣ್ಣಮುಂದೆ ನಿಲ್ಲುತ್ತಿದ್ದುದು ಕೋಟೆ, ಕಂದಕ, ಬುರುಜು ಮತ್ತು ಹೆಬ್ಬಾಗಿಲು. ಶತ್ರು ಬರುವ ದಾರಿ ಗೊತ್ತಿತ್ತು. ಅವನ ಕುದುರೆಗಳು ಎಬ್ಬಿಸಿದ ಧೂಳು ಗಾವುದ ದೂರದಿಂದಲೇ ಕಾಣುತ್ತಿತ್ತು. ವಿಮಾನ ಬಂದ ಮೇಲೆ ಆಕಾಶಕ್ಕೂ, ಜಲಾಂತರ್ಗಾಮಿ ಬಂದ ಮೇಲೆ ಕಡಲಿನ ಆಳಕ್ಕೂ ಕಾವಲು ಬೇಕಾಯಿತು. ಆಗಲೂ ವೈರಿಯಾದವನು ಒಂದು ದಿಕ್ಕಿನಿಂದಲೇ ಬರಬೇಕಾಗಿತ್ತು. ಗಣಕಯಂತ್ರಗಳು ಒಂದಕ್ಕೊಂದು ಹೆಣೆದುಕೊಂಡ ಮೇಲೆ ದಿಕ್ಕೇ ಇಲ್ಲದ ಗಡಿಯೊಂದು ಹುಟ್ಟಿತು. ಸೈಬರ್ ಜಾಲವೆಂದು ಕರೆಯಲಾಗುವ ಈ ಗಡಿ ಬ್ಯಾಂಕಿನ ಮೇಜಿನ ಮೇಲೆಯೂ ಇದೆ, ಆಸ್ಪತ್ರೆಯ ಚೀಟಿ ಬರೆಯುವ ಕೊಠಡಿಯಲ್ಲಿಯೂ ಇದೆ. ಅದನ್ನು ಕಾಯುವ ಪಡೆಯನ್ನು ಕಟ್ಟುವುದು ಸಿರಿವಂತ ರಾಷ್ಟ್ರಗಳಿಗೂ ಸುಲಭವಲ್ಲ. ಅಭಿವೃದ್ಧಿಶೀಲ ರಾಷ್ಟ್ರಗಳಿಗಂತೂ ಅದು ಮತ್ತಷ್ಟು ತೊಡಕಿನ ಕೆಲಸ.

ಇಂತಹ ದಾಳಿ ಹೇಗೆ ನಡೆಯುತ್ತದೆಂಬುದನ್ನು ಉಕ್ರೇನ್ ದೇಶದ ಒಂದು ಚಳಿಗಾಲದ ಮಧ್ಯಾಹ್ನ ಜಗತ್ತಿಗೆ ತೋರಿಸಿಕೊಟ್ಟಿತು. ಅಂದು 2015ರ ಡಿಸೆಂಬರ್ 23. ದೇಶದ ಪಶ್ಚಿಮ ಭಾಗದ ಇವಾನೊ-ಫ್ರಾಂಕಿವ್‌ಸ್ಕ್ ಪ್ರಾಂತದಲ್ಲಿ ವಿದ್ಯುತ್ ಹಂಚುವ ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ನೌಕರರು ಎಂದಿನಂತೆ ಕುಳಿತಿದ್ದರು. ಇದ್ದಕ್ಕಿದ್ದಂತೆ ಗಣಕದ ಪರದೆಯ ಮೇಲಿನ ಬಾಣದ ಗುರುತು ತಾನಾಗಿಯೇ ಚಲಿಸತೊಡಗಿತು. ಅವರು ನೋಡುತ್ತಿರುವಂತೆಯೇ ಅದು ಉಪಕೇಂದ್ರಗಳ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸುತ್ತ ಹೋಯಿತು. ಯಂತ್ರ ಅವರ ಕೈಗೆ ಸಿಗಲಿಲ್ಲ. ಗ್ರಾಹಕರು ದೂರು ಹೇಳುವ ದೂರವಾಣಿಗೂ ಸುಳ್ಳು ಕರೆಗಳ ಮಳೆ ಸುರಿಯಿತು. ಮೂರು ಕಂಪನಿಗಳ ಸುಮಾರು 2,25,000 ಗ್ರಾಹಕರು ಕತ್ತಲೆಯಲ್ಲಿ ಕುಳಿತರು. ಇದಕ್ಕೆ ಬೀಜ ಬಿತ್ತಿದ್ದು ತಿಂಗಳುಗಳ ಹಿಂದೆ. ಕಚೇರಿಯ ನೌಕರರಿಗೆ ಬಂದ ಮಿಂಚಂಚೆಯೊಂದರ ಜೊತೆಗೆ ಸಾಮಾನ್ಯ ಕಡತದಂತೆ ಕಾಣುವ ಬರಹವಿತ್ತು. ಅದನ್ನು ತೆರೆದಾಗ ಒಳಸೇರಿದ ಕಳ್ಳ ತಂತ್ರಾಂಶ ಮನೆಯ ಮೂಲೆಮೂಲೆಯನ್ನೂ ತಿಳಿದುಕೊಂಡು, ಬೀಗದ ಕೈಗಳನ್ನೆಲ್ಲ ಸಂಗ್ರಹಿಸಿಕೊಂಡು ಸಮಯ ಕಾಯುತ್ತಿತ್ತು.

ಬೆಳಕು ಮರಳಿ ಬಂದ ಬಗೆ ಇನ್ನೂ ಗಮನಾರ್ಹವಾದುದು. ನೌಕರರು ವಾಹನವೇರಿ ಉಪಕೇಂದ್ರಗಳಿಗೆ ಧಾವಿಸಿ, ಹಳೆಯ ಕಾಲದ ಸ್ವಿಚ್ಚುಗಳನ್ನು ಕೈಯಿಂದಲೇ ಹಾಕಿದರು. ಕೆಲವೇ ಗಂಟೆಗಳಲ್ಲಿ ದೀಪಗಳು ಹೊತ್ತಿದವು. ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿದ್ದ ದೇಶವಾಗಿದ್ದರೆ ಅಷ್ಟು ಬೇಗ ಚೇತರಿಸಿಕೊಳ್ಳುತ್ತಿತ್ತೋ ಇಲ್ಲವೋ! ಹಿಂದುಳಿದದ್ದೆಂದು ನಗೆಗೀಡಾಗುವ ಉಪಕರಣವೇ ಆಪತ್ತಿನಲ್ಲಿ ಆಸರೆಯಾಯಿತು. 2022ರ ನವೆಂಬರಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಗಣಕಗಳು ಇಂತಹುದೇ ದಾಳಿಗೆ ಸಿಕ್ಕಿ ನಿಂತುಹೋದಾಗಲೂ ರೋಗಿಗಳನ್ನು ಕಾಪಾಡಿದ್ದು ಲೇಖನಿ ಮತ್ತು ಕಾಗದ. ಹೊಸದನ್ನು ತರುವ ಅವಸರದಲ್ಲಿ ಹಳೆಯದನ್ನು ಗುಜರಿಗೆ ಹಾಕುವ ರಾಷ್ಟ್ರಗಳು ಈ ಎರಡು ಪ್ರಸಂಗಗಳನ್ನು ನೆನಪಿಡಬೇಕಾಗಿದೆ.

ಉಕ್ರೇನ್ ಕೂಡಲೇ ರಷ್ಯಾವನ್ನು ದೂರಿತು. ಆದರೆ ರಷ್ಯಾದ ಸೈನಿಕ ಗೂಢಚಾರ ಸಂಸ್ಥೆಯ ಆರು ಮಂದಿ ಅಧಿಕಾರಿಗಳನ್ನು ಹೆಸರಿಸಿ ಅಮೆರಿಕ ದೋಷಾರೋಪ ಹೊರಿಸಿದ್ದು 2020ರಲ್ಲಿ. ಹೊಡೆದವನು ಯಾರೆಂದು ನಿರ್ಣಯಿಸುವುದಕ್ಕೇ ಐದು ವರ್ಷ ಹಿಡಿಯುವ ಯುದ್ಧದಲ್ಲಿ ಪ್ರತೀಕಾರದ ಮಾತು ದೂರ ಉಳಿಯುತ್ತದೆ. ಪೆಟ್ಟನ್ನು ತಡೆದುಕೊಂಡು ಮತ್ತೆ ಎದ್ದು ನಿಲ್ಲುವ ಶಕ್ತಿಯೇ ಮುಖ್ಯವಾಗುತ್ತದೆ.

ಭಾರತ ಈ ಹಾದಿಯಲ್ಲಿ ನಡೆದದ್ದು ಮೆಲ್ಲಮೆಲ್ಲಗೆ. 2000ದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆ ಬಂದಿತು. 2004ರಲ್ಲಿ ಗಣಕ ಅಪಾಯಗಳಿಗೆ ತುರ್ತಾಗಿ ಸ್ಪಂದಿಸುವ ರಾಷ್ಟ್ರೀಯ ತಂಡ 'ಸರ್ಟ್-ಇನ್' ಆರಂಭವಾಯಿತು. 2010ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದ ಸಂಶೋಧಕರು ಪಾಲ್ಗೊಂಡಿದ್ದ ತಂಡವೊಂದು, ಭಾರತದ ರಕ್ಷಣೆಗೆ ಸಂಬಂಧಿಸಿದ ಗುಪ್ತ ಕಾಗದಪತ್ರಗಳು ಜಾಲದ ಮೂಲಕ ಹೊರಗೆ ಹರಿದುಹೋಗುತ್ತಿದ್ದುದನ್ನು ಬಯಲಿಗೆಳೆಯಿತು. ಮನೆಯ ಕಳವನ್ನು ಹೊರಗಿನವರು ಬಂದು ತಿಳಿಸಬೇಕಾಯಿತಲ್ಲ ಎಂಬ ನೋವು ಅನೇಕರನ್ನು ಕಾಡಿರಬೇಕು. 2012ರಲ್ಲಿ ನರೇಶ್ ಚಂದ್ರ ಅವರ ನೇತೃತ್ವದ ಕಾರ್ಯಪಡೆ ಮೂರೂ ಸೇನೆಗಳಿಗೆ ಸೇರಿದ ಸೈಬರ್ ಕಮಾಂಡ್ ಒಂದು ಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಕಡತದಲ್ಲಿ ಆರು ವರ್ಷ ಉರುಳಾಡಿತು. 2018ರಲ್ಲಿ ಒಪ್ಪಿಗೆ ದೊರೆತಾಗ 'ಕಮಾಂಡ್' ಎಂಬ ಪದ ಕುಗ್ಗಿ 'ಏಜೆನ್ಸಿ' ಆಗಿತ್ತು. ಹೀಗೆ 2019ರಲ್ಲಿ ರಕ್ಷಣಾ ಸೈಬರ್ ಏಜೆನ್ಸಿ ಕೆಲಸಕ್ಕೆ ತೊಡಗಿತು. ನೌಕಾಪಡೆಯ ರಿಯರ್ ಅಡ್ಮಿರಲ್ ಮೋಹಿತ್ ಗುಪ್ತ ಅದರ ಮೊದಲ ಮುಖ್ಯಸ್ಥರಾದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂದು ಹೀಗಳೆಯುವವರೂ ಇದ್ದಾರೆ. ಈ ಕೋಟೆಯಾದರೋ ಒಂದೇ ಸಲ ಕೊಳ್ಳೆ ಹೋಗುವಂತಹುದಲ್ಲ. ದಿಡ್ಡಿಯನ್ನು ಎಂದು ಹಾಕಿದರೂ ಲಾಭವುಂಟು.

ಕಟ್ಟಡ, ಲಾಂಛನ, ಹುದ್ದೆ ಇವುಗಳನ್ನು ಒಂದು ಆಜ್ಞೆಯಿಂದ ನಿರ್ಮಿಸಬಹುದು. ಕಾವಲುಗಾರರನ್ನು ಹಾಗೆ ನಿರ್ಮಿಸಲಾಗದು. ಒಂದು ಜಾಲದಲ್ಲಿ ಯಾವುದು ಸಹಜ ಸಂಚಾರ, ಯಾವುದು ಕಳ್ಳಹೆಜ್ಜೆ ಎಂದು ಗುರುತಿಸುವ ಕಣ್ಣು ವರ್ಷಗಟ್ಟಲೆ ಅದೇ ಜಾಲವನ್ನು ನೋಡುವುದರಿಂದ ಬರುತ್ತದೆ. ಹಸುವಿನ ಹೆಜ್ಜೆ ಸಪ್ಪಳದಿಂದಲೇ ಅದರ ಕಾಯಿಲೆಯನ್ನು ತಿಳಿಯುವ ದನಗಾಹಿಯ ಜಾಣ್ಮೆಯಂತೆ. ಸೇನೆಯಲ್ಲಾದರೋ ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ ರೂಢಿ. ಮಧ್ಯಪ್ರದೇಶದ ಮಹೂ ಪಟ್ಟಣದಲ್ಲಿರುವ ಸೇನೆಯ ದೂರಸಂಪರ್ಕ ಎಂಜಿನಿಯರಿಂಗ್ ಕಾಲೇಜಿನಲ್ಲಿ ಶ್ರಮಪಟ್ಟು ಕಲಿತ ಅಧಿಕಾರಿ, ಕೈ ಪಳಗುವ ಹೊತ್ತಿಗೆ ಬೇರೊಂದು ಕೆಲಸಕ್ಕೆ ಹೋಗಬೇಕಾಗಬಹುದು. ಕಾಲಾಳಿಗೆ ಹೊಂದುವ ನಿಯಮ ಈ ಕಾವಲಿಗೆ ಹೊಂದುವುದಿಲ್ಲ. ಇತ್ತ ಬೆಂಗಳೂರಿನಂತಹ ನಗರದಲ್ಲಿ ಇದೇ ವಿದ್ಯೆಗೆ ಖಾಸಗಿ ಕಂಪನಿಗಳು ಕೊಡುವ ಸಂಬಳವನ್ನು ಸರಕಾರದ ಯಾವ ವೇತನ ಶ್ರೇಣಿಯೂ ಸರಿಗಟ್ಟಲಾರದು. ಬಡ ರಾಷ್ಟ್ರಗಳ ಪಾಡು ಇನ್ನೂ ಕಠಿಣ; ಅವು ತರಬೇತಿ ಕೊಟ್ಟವರನ್ನು ಪರದೇಶಗಳೇ ಕರೆದುಕೊಂಡು ಹೋಗುತ್ತವೆ.

ಇದಕ್ಕೊಂದು ಉಪಾಯವನ್ನು ಎಸ್ಟೋನಿಯಾ ಕಂಡುಕೊಂಡಿತು. ಸುಮಾರು 13 ಲಕ್ಷ ಜನರ ಆ ಪುಟ್ಟ ದೇಶ 2007ರ ಏಪ್ರಿಲ್-ಮೇ ತಿಂಗಳುಗಳಲ್ಲಿ ವಾರಗಟ್ಟಲೆ ಸೈಬರ್ ದಾಳಿಗೆ ಸಿಕ್ಕಿ, ಬ್ಯಾಂಕುಗಳೂ ಪತ್ರಿಕೆಗಳೂ ತತ್ತರಿಸಿದ್ದವು. ಅನಂತರ ಅದು ತನ್ನ ಸ್ವಯಂಸೇವಕ ರಕ್ಷಣಾ ದಳದೊಳಗೆ ಸೈಬರ್ ಘಟಕವೊಂದನ್ನು ರಚಿಸಿತು. ಹಗಲು ಬ್ಯಾಂಕಿನಲ್ಲೋ ಕಂಪನಿಯಲ್ಲೋ ದುಡಿಯುವ ತಜ್ಞರು ಬಿಡುವಿನಲ್ಲಿ ಅಲ್ಲಿ ಅಭ್ಯಾಸ ಮಾಡುತ್ತಾರೆ. ಆಪತ್ತು ಬಂದಾಗ ದೇಶಕ್ಕೆ ನೆರವಾಗುತ್ತಾರೆ. ದೊಡ್ಡ ಸಂಬಳ ಕೊಡಲಾಗದ ದೇಶಗಳು ಮೊದಲು ಪರಿಶೀಲಿಸಬೇಕಾದ ಮಾರ್ಗವಿದು. ಕಾಯಬೇಕಾದ ಬ್ಯಾಂಕು, ವಿದ್ಯುತ್ತು, ದೂರವಾಣಿಗಳ ಒಳಗುಟ್ಟನ್ನು ಅಲ್ಲಿ ದುಡಿಯುವವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಸಲಕರಣೆಯ ಪ್ರಶ್ನೆಯೂ ಉಂಟು. ಬೀಗವನ್ನು ಪರರಿಂದ ಕೊಂಡವನು ಅದರ ಇನ್ನೊಂದು ಕೀಲಿ ಯಾರಲ್ಲಿದೆಯೆಂದು ಶಂಕಿಸುವುದು ಸಹಜ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಸೇನೆಗೆ ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ಉಪಕರಣಗಳನ್ನು ತಯಾರಿಸುತ್ತದೆ. ಅಲ್ಲಿಯೇ 1986ರಲ್ಲಿ ಆರಂಭವಾದ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರ ಮಾಹಿತಿ ಸುರಕ್ಷತೆಯ ಸಂಶೋಧನೆಯಲ್ಲಿಯೂ ತೊಡಗಿದೆ. ಆದರೂ ಗಣಕದ ಹೃದಯವಾದ ಚಿಪ್ಪುಗಳಲ್ಲಿ ಹೆಚ್ಚಿನವು ಹೊರಗಿನಿಂದಲೇ ಬರುತ್ತವೆ. ಎಲ್ಲವನ್ನೂ ತಾನೇ ಮಾಡುವೆನೆಂಬ ಹಟ ಯಾವ ದೇಶಕ್ಕೂ ಸಾಧ್ಯವಾಗಿಲ್ಲ. ಕೊಂಡದ್ದನ್ನು ಬಿಚ್ಚಿ ಪರೀಕ್ಷಿಸುವ ವಿದ್ಯೆಯನ್ನಾದರೂ ಕೈವಶ ಮಾಡಿಕೊಳ್ಳುವುದು ಸಾಧ್ಯ.

ಇವೆಲ್ಲಕ್ಕಿಂತಲೂ ಕಷ್ಟವಾದುದು ಪೆಟ್ಟು ಬಿದ್ದಿದೆಯೆಂದು ಒಪ್ಪಿಕೊಳ್ಳುವುದು. 2019ರ ಅಕ್ಟೋಬರಿನಲ್ಲಿ ತಮಿಳುನಾಡಿನ ಕೂಡಂಕುಳಂ ಅಣು ವಿದ್ಯುತ್ ಸ್ಥಾವರದ ಗಣಕಕ್ಕೆ ಕಳ್ಳ ತಂತ್ರಾಂಶ ಹೊಕ್ಕಿದೆಯೆಂಬ ಸುದ್ದಿ ಹಬ್ಬಿತು. ಮೊದಲ ದಿನ ಬಂದ ಉತ್ತರ ನಿರಾಕರಣೆ. ಮರುದಿನ ಅಣು ವಿದ್ಯುತ್ ನಿಗಮ ಸಂಗತಿಯನ್ನು ಒಪ್ಪಿಕೊಂಡು, ತಂತ್ರಾಂಶ ಸೇರಿದ್ದು ಆಡಳಿತದ ಕೆಲಸದ ಗಣಕವೊಂದಕ್ಕೆ, ಸ್ಥಾವರವನ್ನು ನಡೆಸುವ ವ್ಯವಸ್ಥೆ ಪ್ರತ್ಯೇಕವಾಗಿದ್ದು ಸುರಕ್ಷಿತವಾಗಿದೆ ಎಂದು ತಿಳಿಸಿತು. ಆ ವಿವರಣೆ ಮೊದಲ ದಿನವೇ ಬಂದಿದ್ದರೆ ಜನರ ಆತಂಕ ಅಷ್ಟಕ್ಕೇ ನಿಲ್ಲುತ್ತಿತ್ತು. ಮರೆಮಾಚಿದ ಗಾಯದ ಬಗ್ಗೆ ನೆರೆಮನೆಯವನಿಗೆ ಎಚ್ಚರಿಕೆ ಸಿಗುವುದಿಲ್ಲ. ಅದೇ ಕಳ್ಳ ಅದೇ ಉಪಾಯದಿಂದ ಅಲ್ಲಿಗೂ ನುಗ್ಗುತ್ತಾನೆ. 2022ರ ಏಪ್ರಿಲಿನಲ್ಲಿ ಸರ್ಟ್-ಇನ್ ತಂಡವು ಸೈಬರ್ ದಾಳಿಗಳ ವಿಚಾರ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ತನಗೆ ವರದಿಯಾಗಬೇಕೆಂದು ಆದೇಶಿಸಿದ್ದು ಈ ಮೌನವನ್ನು ಮುರಿಯುವ ಪ್ರಯತ್ನ. ಆರು ಗಂಟೆ ಬಹಳ ಕಡಿಮೆಯೆಂದು ಕಂಪನಿಗಳು ಗೊಣಗಿದವು. ಉಕ್ರೇನಿನ ಆ ನಿಯಂತ್ರಣ ಕೊಠಡಿಯಲ್ಲಿ ಸ್ವಿಚ್ಚುಗಳು ಆರಿಹೋಗಲು ಬೇಕಾದ ಸಮಯ ಅದಕ್ಕಿಂತಲೂ ಎಷ್ಟೋ ಕಡಿಮೆಯಾಗಿತ್ತು.